ತಿರುಗಿ ಕೇಳಿದ ಗಣಪಿ

ಮೊನ್ನೆ ಕುಮಟೆಯಲ್ಲಿ ಹೊಸದಾಗಿ ನೌಕರಿಗೆ ಸೇರಿದ ಶಿಕ್ಷಕರಿಗೊಂದು ತರಬೇತಿ ನಡೆಯಿತು. ಹಳಬರು ಯಾರಾದರೂ ಬಂದು ನಾಲ್ಕು ಮಾತು ಹೇಳಲಿ ಎಂದು ನನ್ನನ್ನೂ ಕರೆದಿದ್ದರು. ಹೋಗಿ ಕುಳಿತೆ. ಗೋಡೆಯ ತುಂಬ ಬಣ್ಣದ ಕಾಗದ ಅಂಟಿಸಿ, ‘ಪ್ರತಿ ಮಗುವೂ ಬೇರೆ, ಪ್ರತಿ ಮಗುವಿಗೂ ಬೇರೆ ಪಾಠ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ಚಹಾ, ಅವಲಕ್ಕಿ ಮುಗಿದ ಮೇಲೆ ಒಬ್ಬ ಎಳೆಯ ಮಾಸ್ತರ ಎದ್ದು ಒಂದು ಕತೆ ಹೇಳಿದ.

ಹಿಂದೆ ಕರಾವಳಿಯ ಯಾವುದೋ ಶಾಲೆಗೆ ಇನ್‌ಸ್ಪೆಕ್ಟರರು ಬಂದಿದ್ದರಂತೆ. “ನದಿ ಯಾವ ಕಡೆಗೆ ಹರಿಯುತ್ತದೆ?” ಎಂದು ಕೇಳಿದರಂತೆ. ಒಬ್ಬ ಹುಡುಗ ಎದ್ದು “ಯಾವಾಗ ಸರ್?” ಎಂದು ತಿರುಗಿ ಕೇಳಿದನಂತೆ. ಹುಡುಗ ಅಳಿವೆಯ ದಂಡೆಯವನು. ಅವನು ನೋಡಿದ ಹೊಳೆ ಭರತಿಯ ಹೊತ್ತಿಗೆ ಮೇಲಕ್ಕೆ, ಇಳಿತದ ಹೊತ್ತಿಗೆ ಕೆಳಕ್ಕೆ ಹರಿಯುವಂಥದ್ದು. ಇನ್‌ಸ್ಪೆಕ್ಟರರು ಬೆರಗಾಗಿ ಅವನ ಬೆನ್ನು ತಟ್ಟಿದರಂತೆ. ಕತೆ ಮುಗಿದದ್ದೇ ಕೋಣೆಯ ತುಂಬ ಚಪ್ಪಾಳೆ.

ನನಗೆ ಮೈಯೆಲ್ಲ ಉರಿಯಿತು. ಬೆನ್ನು ತಟ್ಟಿದರಂತೆ! ಆ ಪ್ರಶ್ನೆ ಕೇಳಿದ ಕೋಣೆಯಲ್ಲಿ ನಾನಿದ್ದೆ. ತಿರುಗಿ ಕೇಳಿದ್ದು ಹುಡುಗನಲ್ಲ, ಹುಡುಗಿ. ಅವಳ ಹೆಸರು ಗಣಪಿ. ಅವಳ ಬೆನ್ನನ್ನು ಯಾರೂ ತಟ್ಟಲಿಲ್ಲ. ಕತೆ ಬಾಯಿಂದ ಬಾಯಿಗೆ ಹೋಗುತ್ತ ತನಗೆ ಬೇಕಾದ ಹಾಗೆ ಅಂಗಿ ತೊಟ್ಟುಕೊಂಡಿದೆ. ಹುಡುಗಿ ಹುಡುಗನಾಗಿದ್ದಾಳೆ, ಇನ್‌ಸ್ಪೆಕ್ಟರರು ದೊಡ್ಡ ಮನುಷ್ಯರಾಗಿದ್ದಾರೆ. ಆಮೇಲೆ ಆ ಮಗು ಏನಾಯಿತು ಎಂದು ಅಲ್ಲಿದ್ದವರಲ್ಲಿ ಒಬ್ಬರೂ ಕೇಳಲಿಲ್ಲ. ನನಗೆ ಮಾತಾಡಲು ಕೊಟ್ಟದ್ದು ಹತ್ತೇ ನಿಮಿಷ. ಸಿಟ್ಟಿಗೆ ಅರ್ಧ ಮಾತು ಗಂಟಲಲ್ಲೇ ಉಳಿಯಿತು. ಅದನ್ನಿಲ್ಲಿ ಬರೆದು ಮುಗಿಸುತ್ತೇನೆ.

ನಾನು ಹೊನ್ನಾವರದವಳು. ಟ್ರೇನಿಂಗ್ ಮುಗಿಸಿ ನೌಕರಿಗೆ ಸೇರಿದ್ದು ಐವತ್ತರ ದಶಕದ ಕೊನೆಯಲ್ಲಿ, ಭಟ್ಕಳ ತಾಲೂಕಿನ ಬೆಳಕೆಯಲ್ಲಿ. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಪುಸ್ತಕ ಬದಲಾಗಿತ್ತು, ನಕ್ಷೆ ಬದಲಾಗಿತ್ತು, ಆದರೆ ತರಗತಿಗೆ ನಾವಿನ್ನೂ ‘ಇಯತ್ತೆ’ ಎಂದೇ ಹೇಳುತ್ತಿದ್ದೆವು. ಟ್ರೇನಿಂಗಿನಲ್ಲಿ ನಮಗೆ ಕಲಿಸಿದ್ದು ಒಂದು ಪಾಠಕ್ಕೆ ಒಂದು ಟಿಪ್ಪಣಿ. ಪೀಠಿಕೆ, ವಿಷಯ, ಪ್ರಶ್ನೆ, ಮನೆಗೆಲಸ. ಮಕ್ಕಳು ಎಷ್ಟು ಜನ ಇದ್ದರೂ, ಯಾರ ಮಕ್ಕಳಾದರೂ, ಟಿಪ್ಪಣಿ ಒಂದೇ. ನಾನೂ ಅದನ್ನೇ ಕಣ್ಣಿಗೊತ್ತಿಕೊಂಡು ಹೋಗಿದ್ದೆ.

ಬೆಳಕೆಯ ಶಾಲೆಯಲ್ಲಿ ಗೋಡೆಗೆ ತಾಗಿ ಒಂದು ಸಾಲು ಇತ್ತು. ಅದಕ್ಕೆ ‘ದಡ್ಡರ ಸಾಲು’ ಎಂದೇ ಹೆಸರು. ಅಲ್ಲಿ ಮೀನುಗಾರ ಖಾರ್ವಿಗಳ ಹುಡುಗನೊಬ್ಬ ಮೂರು ತಿಂಗಳಿಂದ ಬಾಯಿಬಿಡದೆ ಕುಳಿತಿದ್ದ. ಹಿಂದಿನವರು ಅವನನ್ನು ಮೂಕ ಎಂದು ಬರೆದಿಟ್ಟು ಹೋಗಿದ್ದರು. ಶಾಲೆಯಲ್ಲಿ ಒಬ್ಬ ಹಿರಿಯ ಮಾಸ್ತರರಿದ್ದರು. ನಿವೃತ್ತಿ ಹತ್ತಿರ ಬಂದಿತ್ತು. ಬೆರಳ ತುದಿಯಲ್ಲಿ ಸದಾ ನಶ್ಯ. ಅವರು ನನ್ನ ತರಗತಿಗೆ ಬಂದು ಆ ಹುಡುಗನ ಪಕ್ಕ ಕುಳಿತು, “ಜೇವಣ ಜಾಲೇ?” ಎಂದರು. ಊಟವಾಯಿತೇ ಎಂದು ಕೊಂಕಣಿಯಲ್ಲಿ ಕೇಳಿದ್ದು. ಅಷ್ಟೇ. ಹುಡುಗ ಬಾಯಿ ತೆರೆದವನು ಮುಚ್ಚಲಿಲ್ಲ. ಮನೆಯಲ್ಲಿ ಮಾಡಿದ ಮೀನು, ಅಣ್ಣನ ಬಲೆ, ಸತ್ತ ನಾಯಿ, ಎಲ್ಲ ಹೇಳಿದ. ಅವನಿಗೆ ಕನ್ನಡವೇ ಬರುತ್ತಿರಲಿಲ್ಲ. ಇಷ್ಟನ್ನು ತಿಳಿಯಲು ಒಂದು ಇಲಾಖೆಗೆ ಮೂರು ತಿಂಗಳು ಸಾಲಲಿಲ್ಲವಲ್ಲ!

ಆ ಹಿರಿಯರಿಂದ ನಾನು ಕಲಿತದ್ದು ದೊಡ್ಡದು. ಅವರು ನಾಲ್ಕು ಇಯತ್ತೆಯನ್ನು ಒಂದೇ ಜಗಲಿಯಲ್ಲಿ ಕೂರಿಸಿ ಒಂದೇ ಕತೆ ಹೇಳುತ್ತಿದ್ದರು. ದೋಣಿ ಬಂತು, ಬುಟ್ಟಿಯಲ್ಲಿ ಇಷ್ಟು ಬಂಗಡೆ ಇದೆ. ಚಿಕ್ಕವರು ಎಣಿಸಬೇಕು. ಅವರಿಗಿಂತ ದೊಡ್ಡವರು ಕೊಳೆತದ್ದನ್ನು ಕಳೆಯಬೇಕು. ಎಲ್ಲರಿಗಿಂತ ದೊಡ್ಡವರು ಬಲೆಯವರ ಪಾಲು, ದೋಣಿಯವರ ಪಾಲು, ಎಳೆದವರ ಪಾಲು ಮಾಡಬೇಕು. ಲೆಕ್ಕ ಬೇಗ ಮುಗಿಸಿದವನು ಸುಮ್ಮನೆ ಕೂರುವಂತಿಲ್ಲ, ಪಕ್ಕದವನಿಗೆ ತಾನೇ ಒಂದು ಲೆಕ್ಕ ಹುಟ್ಟಿಸಿ ಕೊಡಬೇಕು. ದಡ್ಡರ ಸಾಲು ಎಲ್ಲಿ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. “ಟ್ರೇನಿಂಗಿನಲ್ಲಿ ಇದನ್ನು ಯಾಕೆ ಹೇಳಿಕೊಡಲಿಲ್ಲ ಮಾಸ್ತರೆ?” ಎಂದು ಕೇಳಿದೆ. “ಅಲ್ಲಿ ಮಕ್ಕಳಿರ್ಲಿಲ್ಲ ತಂಗಿ” ಎಂದು ನಕ್ಕರು.

ಎರಡು ವರ್ಷ ಕಳೆದ ಮೇಲೆ ನನ್ನನ್ನು ಅಘನಾಶಿನಿಗೆ ಹಾಕಿದರು. ಕುಮಟೆ ತಾಲೂಕು, ಹೊಳೆ ಸಮುದ್ರ ಸೇರುವ ಜಾಗ. ಶಾಲೆಗೆ ಹೆಡ್‌ಮಾಸ್ತರರು ಮತ್ತು ನಾನು, ಇಬ್ಬರೇ. ಹೆಡ್‌ಮಾಸ್ತರರು ಕೆಟ್ಟವರಲ್ಲ, ಹೆದರುವವರು. ಮೇಲಿನವರ ಹೆಸರು ಹೇಳಿದರೆ ಪೇಟ ಸರಿಮಾಡಿಕೊಳ್ಳುತ್ತಿದ್ದರು. ನನ್ನ ಅನುಭವ ಕೇಳಿದರೆ, ಕೆಟ್ಟವರಿಂದ ಮಕ್ಕಳಿಗಾದ ನಷ್ಟಕ್ಕಿಂತ ಹೆದರುವವರಿಂದ ಆದದ್ದೇ ಹೆಚ್ಚು.

ನನ್ನ ಪಾಲಿಗೆ ಬಂದ ಮಕ್ಕಳಲ್ಲಿ ಮೂರು ಥರದವರಿದ್ದರು. ಅಂಗಡಿಕಾರರ ಮನೆಯ ವಿಠ್ಠಲನಂಥವರು ಒಂದು ಕಡೆ. ಅವರ ಮನೆಯಲ್ಲಿ ಪಂಚಾಂಗ ಇತ್ತು, ಪೇಪರು ಬರುತ್ತಿತ್ತು. ಶಾಲೆಗೆ ಬರುವ ಮೊದಲೇ ಓದುತ್ತಿದ್ದರು. ಗದ್ದೆ ಮಾಡುವ ಹಾಲಕ್ಕಿ ಒಕ್ಕಲಿಗರ ಕೇರಿಯ, ನಮ್ಮ ಮಾತಲ್ಲಿ ಕೊಪ್ಪದ, ಮಕ್ಕಳು ಇನ್ನೊಂದು ಕಡೆ. ಪಾಟಿಯ ಮೇಲೆ ಬರೆದು ತೋರಿಸಿದರೆ ಅವರಿಗೆ ತಲೆಗೆ ಹತ್ತುತ್ತಿರಲಿಲ್ಲ, ಅದನ್ನೇ ಹಾಡಿನ ಧಾಟಿಯಲ್ಲಿ ಹೇಳಿಕೊಟ್ಟರೆ ಸಂಜೆಯೊಳಗೆ ಬಾಯಿಗೆ ಬರುತ್ತಿತ್ತು. ಮಗ್ಗಿಯನ್ನೆಲ್ಲ ಅವರಿಗೆ ಹಾಡಿಸಿಯೇ ಕಲಿಸಿದೆ. ಹೆಡ್‌ಮಾಸ್ತರರು ಬಾಗಿಲಿಗೆ ಬಂದು, “ಅಕ್ಕೋರೆ, ಇದು ಸಾಲೆಯೋ ಭಜನೆ ಮನೆಯೋ?” ಎಂದರು. “ಎಂತದೇ ಆಗ್ಲಿ, ಮಗ್ಗಿ ಬಂತಲ್ಲ” ಎಂದೆ.

ಮೂರನೆಯವರು ಹೊಳೆಯ ಮಕ್ಕಳು. ನನ್ನನ್ನು ಸೋಲಿಸಿದವರು ಇವರೇ. ಒಂದು ದಿನ ಬರುವರು, ಒಂದು ದಿನ ಇಲ್ಲ. ಬಂದರೂ ಬೆಳಗಿನ ಗಂಟೆಗೆ ಬಂದವರು ಮಧ್ಯಾಹ್ನಕ್ಕೆ ಮಾಯ. ಮತ್ತೊಮ್ಮೆ ಮಧ್ಯಾಹ್ನ ಕಾಲಿಗೆಲ್ಲ ಕೆಸರು ಮೆತ್ತಿಕೊಂಡು ಬಂದು ಕೂರುವರು. ಅವರಲ್ಲಿ ನಾಲ್ಕನೆಯ ಇಯತ್ತೆಯವಳು ಗಣಪಿ. ಸೊಂಟದ ಮೇಲೆ ಯಾವಾಗಲೂ ಎರಡು ವರ್ಷದ ತಂಗಿ ಮಾದೇವಿ ಇರುತ್ತಿದ್ದಳು. ಮಗುವನ್ನು ಪಕ್ಕದಲ್ಲಿ ಮಲಗಿಸಿ, ಕಾಲಲ್ಲಿ ತಟ್ಟುತ್ತ, ಕೈಯಲ್ಲಿ ಬರೆಯುವಳು. ಬೆಳಗಿನ ಹಾಜರಿಗೆ ಇಲ್ಲದವರಿಗೆ ಹೆಡ್‌ಮಾಸ್ತರರು ಇಡೀ ದಿನ ಗೈರು ಹಾಕುತ್ತಿದ್ದರು. ಹಾಗಾಗಿ ಗಣಪಿ ಕಣ್ಣೆದುರು ಕುಳಿತಿದ್ದರೂ ಲೆಕ್ಕದಲ್ಲಿ ಇರುತ್ತಿರಲಿಲ್ಲ.

ಒಂದು ಭಾನುವಾರ ನಾನೇ ಅವಳ ಮನೆಗೆ ಹೋದೆ. ತಾಯಿ ಹೊನ್ನಮ್ಮ ಅಂಗಳದಲ್ಲಿ ಬಳಚು ಬೇಯಿಸುತ್ತಿದ್ದಳು. ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿಗೆ ನಮ್ಮಲ್ಲಿ ಬಳಚು ಎನ್ನುತ್ತಾರೆ. ಇಳಿತವಾಗಿ ನೀರು ಸರಿದ ಮೇಲೆ ಕೆಸರಲ್ಲಿ ಬಗ್ಗಿ ಕೈಯಿಂದ ತಡಕಿ ತೆಗೆಯಬೇಕು.

“ಹೊನ್ನಮ್ಮ, ಹುಡುಗಿಯನ್ನು ದಿನಾ ಹೊತ್ತಿಗೆ ಸರಿಯಾಗಿ ಕಳಿಸಬೇಕು” ಎಂದೆ.

“ಕಳಸ್ತೆ ಅಕ್ಕೋರೆ. ನಿಮ್ ಗಂಟೆ ಹೊಡ್ದಾಗ ಇಳ್ತ ಆಗೂದಿಲ್ಲ ಅಂತ ಹೊಳೆ ಹತ್ರ ಒಂದ್ ಮಾತು ಹೇಳಿ ಬನ್ನಿ.”

ಕೊಂಕಾಗಿಯೇ ಹೇಳಿದಳು. ನನಗೆ ಸಿಟ್ಟು ಬರಲಿಲ್ಲ, ಏನೋ ಹೊಳೆಯಿತು. ಕೂತು ಕೇಳಿದೆ. ಇಳಿತ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ತಡವಾಗುತ್ತ ಹೋಗುತ್ತದೆ. ಒಂದು ವಾರ ಬೆಳಗ್ಗೆ ಹೊಳೆಗಿಳಿದರೆ ಮುಂದಿನ ವಾರ ಮಧ್ಯಾಹ್ನದ ಮೇಲೆ. ನಾವು ಸೋಮಾರಿತನ ಎಂದುಕೊಂಡದ್ದಕ್ಕೆ ಒಂದು ವೇಳಾಪತ್ರಿಕೆ ಇತ್ತು. ನಮ್ಮ ಗೋಡೆಯ ಮೇಲಿನದಕ್ಕಿಂತ ಅದು ಗಟ್ಟಿಯಾದದ್ದು.

ನಾನು ಹೊರಡಲು ಏಳುವಾಗ ಹೊನ್ನಮ್ಮ ಹೇಳಿದಳು: “ಒಂದ್ ಮಾತು ಅಕ್ಕೋರೆ. ಈ ವರ್ಸ ನಾಲ್ಕನೆತ್ತ ಪಾಸಾದ್ರೆ ಐದಕ್ಕೆ ಕಳಸ್ತೆ. ಅವ್ಳ ಅಪ್ಪನ ಹತ್ರ ಜಗಳ ಮಾಡಿಯಾದ್ರೂ ಕಳಸ್ತೆ. ನಪಾಸಾದ್ರೆ ಆತು, ಬುಟ್ಟಿ ಹಿಡ್ಕಂಡು ನನ್ ಸಂಗ್ತಿಗೆ ಹೊಳೆಗೆ.” ಗಣಪಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಐದನೆಯ ಇಯತ್ತೆಗೆ ಊರು ದಾಟಿ ಹೋಗಬೇಕಿತ್ತು. ವಿಠ್ಠಲನ ಅಕ್ಕ ಹೆಗಲಿಗೆ ಚೀಲ ಹಾಕಿಕೊಂಡು ಹೋಗುವುದನ್ನು ಅವಳು ದಿನಾ ಬೇಲಿಯ ದಣಪೆಯ ಹತ್ತಿರ ನಿಂತು ನೋಡುವಳು ಎಂದು ನನಗೆ ಗೊತ್ತಿತ್ತು.

ಮರುದಿನದಿಂದ ನಾನು ಪಾಠವನ್ನು ಇಳಿತಕ್ಕೆ ತಿರುಗಿಸಿದೆ. ಹೊಳೆಯ ಮಕ್ಕಳು ಬೆಳಗ್ಗೆ ಸಿಗುವ ವಾರ ಗಣಿತ ಬೆಳಗ್ಗೆ, ಮಧ್ಯಾಹ್ನ ಸಿಗುವ ವಾರ ಮಧ್ಯಾಹ್ನ. ಅವರಿಲ್ಲದ ಹೊತ್ತಿನಲ್ಲಿ ವಿಠ್ಠಲನಂಥವರಿಗೆ ಮುಂದಿನ ಪುಸ್ತಕ, ಕೊಪ್ಪದ ಮಕ್ಕಳಿಗೆ ಹಾಡು. ಹಾಜರಿಯನ್ನು ಎರಡು ಹೊತ್ತೂ ನಾನೇ ಕರೆಯುತ್ತೇನೆ, ಬಂದವರಿಗೆ ಅರ್ಧ ದಿನವಾದರೂ ಹಾಕಲೇಬೇಕು ಎಂದು ಹೆಡ್‌ಮಾಸ್ತರರ ಹತ್ತಿರ ಜಗಳವಾಡಿದೆ. “ಗೋಡೆ ಮೇಲೆ ವೇಳಾಪತ್ರಿಕೆ ಇದೆಯಲ್ಲ ಅಕ್ಕೋರೆ, ಮೇಲಿನವರು ಕೇಳಿದರೆ?” ಎಂದು ಅವರು ಬೆವರಿದರು. “ಮೇಲಿನವರನ್ನು ಒಂದು ದಿನ ಕೆಸರಿಗೆ ಇಳಿಸಿ” ಎಂದೆ. ನನ್ನ ನಾಲಿಗೆ ಆಗಲೂ ಹೀಗೇ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಗಣಪಿ ಮಹಾ ಬುದ್ಧಿವಂತೆ, ಕೆಸರಲ್ಲಿ ಬಿದ್ದ ರತ್ನ, ಅಂಥದ್ದೆಲ್ಲ ಏನೂ ಅಲ್ಲ. ನಡುವಿನ ಹುಡುಗಿ. ಓದು ಚೆನ್ನಾಗಿತ್ತು. ಕಳೆಯುವ ಲೆಕ್ಕದಲ್ಲಿ ದಶಕ ತರುವುದನ್ನು ಮರೆಯುವಳು. ಅಲ್ಪಪ್ರಾಣ ಮಹಾಪ್ರಾಣ ಅವಳಿಗೆ ಒಂದೇ. ಅಂಥ ನಡುವಿನ ಮಕ್ಕಳೇ ನಮ್ಮಲ್ಲಿ ಹೆಚ್ಚು. ರತ್ನ ಹೇಗೋ ಹೊರಗೆ ಬರುತ್ತದೆ, ಅದಕ್ಕೆ ನಾವು ಬೇಕಾಗಿಯೂ ಇಲ್ಲ. ಗಣಪಿಗೆ ನಾವು ಬೇಕಿತ್ತು. ಆ ವರ್ಷ ಅವಳು ಲೆಕ್ಕದಲ್ಲೂ ಮೆಲ್ಲಗೆ ಸುಧಾರಿಸುತ್ತಿದ್ದಳು.

ವರ್ಷದ ಕೊನೆಗೆ ತನಿಖೆ ಬಂತು. ಆಗೆಲ್ಲ ಇನ್‌ಸ್ಪೆಕ್ಟರರೇ ಬಂದು ನಾಲ್ಕನೆಯ ಇಯತ್ತೆಯವರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಮೂರು ಪ್ರಶ್ನೆ ಕೇಳುತ್ತಿದ್ದರು. ಓದಿನದೊಂದು, ಲೆಕ್ಕದ್ದೊಂದು, ಭೂಗೋಳದ್ದೊಂದು. ಎರಡು ಸರಿಯಾದರೆ ಪಾಸು. ಅವರು ಬರುವ ವಾರ ಬೆಳಗಿನ ಇಳಿತ ಬಿದ್ದಿತ್ತು. ನಾಲ್ಕನೆಯ ಇಯತ್ತೆಯನ್ನು ಮಧ್ಯಾಹ್ನ ತೆಗೆದುಕೊಳ್ಳಿ ಅಂತ ಇನ್‌ಸ್ಪೆಕ್ಟರರಿಗೆ ಒಂದು ಮಾತು ಹೇಳಿ ಎಂದು ಹೆಡ್‌ಮಾಸ್ತರರ ಕಾಲು ಹಿಡಿಯುವುದೊಂದು ಬಾಕಿ. ಅವರು ಹೇಳಲಿಲ್ಲ. ನಾನು ಹೊನ್ನಮ್ಮನಿಗೆ ಹೇಳಿ ಕಳಿಸಿದೆ. ಅವಳು ಆ ದಿನ ಮಗಳಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಗಂಟೆ ಹೊಡೆಯುವ ಮೊದಲೇ ಶಾಲೆಗೆ ಕಳಿಸಿ, ತಾನೊಬ್ಬಳೇ ಹೊಳೆಗಿಳಿದಿದ್ದಳು. ಮಾದೇವಿಯನ್ನೂ ಪಕ್ಕದ ಮನೆಯಲ್ಲಿ ಬಿಟ್ಟಿದ್ದಳು. ಗಣಪಿಯ ಸೊಂಟ ಖಾಲಿ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇನ್‌ಸ್ಪೆಕ್ಟರರು ಧಾರವಾಡದ ಕಡೆಯವರು. ಬಂದವರಿಗೆ ಜಗಲಿಯಲ್ಲಿ ಚಹಾ ಆಯಿತು. ಹೆಡ್‌ಮಾಸ್ತರರು ಮಾತು ಬೆಳೆಸಲೆಂದು, “ನಿಮ್ಮೂರ ಹತ್ತಿರವೂ ಹೊಳೆ ಇದೆಯಂತೆ ಸಾಹೇಬರೆ. ನೀರು ಚೆನ್ನಾಗಿರ್ತದ್ಯೋ?” ಎಂದರು.

“ಯಾವಾಗ್ರೀ?” ಎಂದು ಅವರು ನಕ್ಕರು. “ಮಳಿಗಾಲದಾಗ ಕೇಳಿದ್ರ ದಂಡಿ ಮ್ಯಾಲ ಐತಿ. ಬ್ಯಾಸಗ್ಯಾಗ ಕೇಳಿದ್ರ ಬರೇ ಉಸುಕು.”

ನಾನು ಆ ಮಾತನ್ನು ಕಿವಿಯಲ್ಲಿಟ್ಟುಕೊಂಡಿದ್ದೆ ಎಂದಲ್ಲ. ಸಾಧಾರಣ ಮಾತು. ಯಾರು ಕೇಳಿದರೂ ಹಾಗೆಯೇ ಹೇಳುವುದು.

ನಾಲ್ಕನೆಯ ಇಯತ್ತೆಯ ಸರದಿ ಬರುವಾಗ ಮಧ್ಯಾಹ್ನ ಹತ್ತಿರವಾಗಿತ್ತು. ಇಳಿತ ಮುಗಿದು ಭರತಿ ಏರುತ್ತಿತ್ತು. ಇನ್‌ಸ್ಪೆಕ್ಟರರ ಕುರ್ಚಿಯ ಹಿಂದೆಯೇ ಕಿಟಕಿ, ಕಿಟಕಿಯಾಚೆ ಹೊಳೆ. ಗಣಪಿ ಎದ್ದು ನಿಂತಳು. ಪದ್ಯ ಓದು ಎಂದರು. ಒಂದೇ ಉಸಿರಿಗೆ ಓದಿದಳು. “ಛಲೋ” ಎಂದರು. ಲೆಕ್ಕ ಕೊಟ್ಟರು. ಹೆದರಿಕೆಗೋ ಏನೋ ದಶಕ ತರುವುದನ್ನು ಮರೆತಳು, ತಪ್ಪಾಯಿತು. ಉಳಿದದ್ದು ಒಂದೇ ಪ್ರಶ್ನೆ.

“ನಿಮ್ಮೂರ ನದಿ ಯಾವ ಕಡೆ ಹರೀತೈತಿ?”

ನನಗೆ ಹೋದ ಉಸಿರು ಬಂತು. ಪೂರ್ವದಿಂದ ಪಶ್ಚಿಮಕ್ಕೆ, ಸಮುದ್ರಕ್ಕೆ. ಪುಸ್ತಕದಲ್ಲಿದೆ, ನಾನು ಪಾಠ ಮಾಡಿದ್ದೇನೆ, ವಿಠ್ಠಲ ಆಗಲೇ ತುಟಿಯಲ್ಲಿ ಅದನ್ನೇ ಹೇಳಿಕೊಳ್ಳುತ್ತಿದ್ದಾನೆ. ಗಣಪಿ ಕತ್ತು ಸ್ವಲ್ಪ ಓರೆ ಮಾಡಿ ಸಾಹೇಬರ ಭುಜದ ಮೇಲಿಂದ ಕಿಟಕಿಯಾಚೆ ನೋಡಿದಳು. ಹೊಳೆ ತುಂಬುತ್ತ, ತೆಂಗಿನ ಗರಿಯೊಂದನ್ನು ಹೊತ್ತುಕೊಂಡು ಮೇಲಕ್ಕೆ ಹೋಗುತ್ತಿತ್ತು. ಅವಳು ಕೈಕಟ್ಟಿಕೊಂಡು ತುಂಬ ಮರ್ಯಾದೆಯಿಂದ ಕೇಳಿದಳು:

“ಯಾವಾಗ್ರಾ?”

ಮಕ್ಕಳು ಕಿಸಕ್ಕನೆ ನಕ್ಕರು. ಇನ್‌ಸ್ಪೆಕ್ಟರರ ಮುಖ ಕೆಂಪಾಯಿತು. “ಏನ್ರೀ ಅಕ್ಕೋರ, ಪ್ರಶ್ನೆ ಕೇಳಿದ್ರ ಕಿಡಕ್ಯಾಗ ನೋಡ್ತೈತಿ, ನನಗ ತಿರುಗಿ ಕೇಳ್ತೈತಿ. ಇದನ್ನ ಕಲಿಸೀರೇನು?”

“ಸಾಹೇಬರೆ, ಒಂದು ಸಲ ಹಿಂದಕ್ಕೆ ತಿರುಗಿ ಹೊಳೆ ನೋಡಿ” ಎಂದೆ. “ಭರತಿಯ ಹೊತ್ತು. ಈಗ ಅದು ಮೇಲಕ್ಕೆ ಹರಿಯುತ್ತಿದೆ. ಇವಳು ದಿನಾ ಅದರಲ್ಲೇ ಇರುವವಳು. ಪ್ರಶ್ನೆಯನ್ನು ಇನ್ನೊಂದು ಥರ ಕೇಳಿ, ಹೇಳುತ್ತಾಳೆ. ಅದು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಎಂದು ಕೇಳಿ.”

ತಿರುಗಿ ನೋಡಲು ಎಷ್ಟು ಹೊತ್ತು ಬೇಕು? ಕುರ್ಚಿಯಿಂದ ಏಳಬೇಕಾಗಿಯೂ ಇರಲಿಲ್ಲ. ಅವರು ತಿರುಗಲಿಲ್ಲ.

“ಪುಸ್ತಕದಾಗ ಏನೈತಿ ಅದನ್ನ ಹೇಳಬೇಕ್ರೀ. ಎಲ್ಲಾರಿಗೂ ಒಂದ ಪ್ರಶ್ನೆ. ಒಬ್ಬೊಬ್ಬರಿಗೆ ಒಂದೊಂದು ಥರ ಕೇಳಕ ನಾ ಏನು ಕಣಿ ಹೇಳವನೇನು?”

ಆಗ ನನ್ನ ಬಾಯಿ ಸುಮ್ಮನಿರಲಿಲ್ಲ. “ಚಹಾ ಕುಡಿಯುವಾಗ ನಿಮ್ಮೂರ ಹೊಳೆಯ ಬಗ್ಗೆ ಕೇಳಿದರೆ ನೀವೂ ‘ಯಾವಾಗ’ ಎಂದೇ ಕೇಳಿದಿರಲ್ಲ ಸಾಹೇಬರೆ. ನಿಮ್ಮನ್ನು ಯಾರೂ ಉದ್ಧಟ ಎನ್ನಲಿಲ್ಲ.”

ಹೆಡ್‌ಮಾಸ್ತರರು ಪೇಟ ಮುಟ್ಟಿಕೊಂಡರು. ಇನ್‌ಸ್ಪೆಕ್ಟರರು ಗಣಪಿಯ ಹೆಸರಿನ ಮುಂದೆ ಗೀಟು ಎಳೆದು, “ಮುಂದಿನವರು” ಎಂದರು. ವಿಠ್ಠಲ ಎದ್ದು ಪೂರ್ವದಿಂದ ಪಶ್ಚಿಮಕ್ಕೆ ಎಂದ. ಪಾಸಾದ. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಅವನೂ ನನ್ನ ಹುಡುಗನೇ.

ಹೋಗುವ ಮುನ್ನ ತನಿಖೆಯ ಪುಸ್ತಕದಲ್ಲಿ ನನ್ನ ಮೇಲೆ ಶೇರಾ ಬರೆದರು. ಶಿಕ್ಷಕಿ ವೇಳಾಪತ್ರಿಕೆ ಪಾಲಿಸುವುದಿಲ್ಲ, ಮನಸ್ಸಿಗೆ ಬಂದ ಹಾಗೆ ಪಾಠ ಹಂಚುತ್ತಾರೆ, ಮಕ್ಕಳಲ್ಲಿ ಉದ್ಧಟತನ ಬೆಳೆಸುತ್ತಾರೆ, ಎಲ್ಲ ಮಕ್ಕಳಿಗೂ ಒಂದೇ ಹೊತ್ತಿನಲ್ಲಿ ಒಂದೇ ಪಾಠ ನಡೆಯತಕ್ಕದ್ದು. ಹೆಡ್‌ಮಾಸ್ತರರು ಆಮೇಲೂ ಬಹಳ ವರ್ಷ, ಎಲ್ಲಿ ಸಿಕ್ಕರೂ ನನಗೆ ಹೇಳುತ್ತಿದ್ದರು: “ನೀವು ಆ ಒಂದು ಮಾತು ನುಂಗಿಕೊಂಡಿದ್ದರೆ ಹುಡುಗಿ ಪಾಸಾಗುತ್ತಿದ್ದಳು ಅಕ್ಕೋರೆ.” ನಾನು ಅದನ್ನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅವಳನ್ನು ನಪಾಸು ಮಾಡಿದ್ದು ನನ್ನ ಮಾತಲ್ಲ. ಕತ್ತು ತಿರುಗಿಸದ ಮನುಷ್ಯ ನಪಾಸು ಮಾಡಿದ್ದು. ಒಂದೇ ಪ್ರಶ್ನೆಯನ್ನು ಎಲ್ಲರ ಮುಂದೆ ಇಟ್ಟರೆ ನ್ಯಾಯವಾಯಿತು ಎಂದು ತಿಳಿದ ಇಲಾಖೆ ನಪಾಸು ಮಾಡಿದ್ದು. ಪುಸ್ತಕ, ಪೇಪರು ಇದ್ದ ಮನೆಯಲ್ಲಿ ಬೆಳೆದ ಹುಡುಗನಿಗೂ, ಹೊಳೆಯಲ್ಲೇ ನಿಂತು ಬೆಳೆದ ಹುಡುಗಿಗೂ ಅದು ಒಂದೇ ಪ್ರಶ್ನೆ ಹೇಗಾಗುತ್ತದೆ?

ನಾನು ಕುಮಟೆಯ ಕಚೇರಿಗೆ ಹೋದೆ. ಇನ್ನೊಂದು ಸಲ ಕೇಳಲು ಅವಕಾಶ ಕೊಡಿ ಎಂದು ಬೇಡಿಕೊಂಡೆ. ಅಲ್ಲಿನ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, “ಒಬ್ಬಳು ಹುಡುಗಿ ನಪಾಸಾದದ್ದಕ್ಕೆ ಇಲ್ಲಿವರೆಗೆ ಬಂದ್ರಾ ಅಕ್ಕೋರೆ?” ಎಂದರು. ಅಪಹಾಸ್ಯವಲ್ಲ, ನಿಜವಾಗಿಯೂ ಆಶ್ಚರ್ಯ. ಅದೇ ನನಗೆ ಹೆಚ್ಚು ನೋವಾದದ್ದು.

ಹೊನ್ನಮ್ಮ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ದಣಪೆಯ ಹತ್ತಿರ ಸಿಕ್ಕಿದಾಗ, “ಇರ್ಲಿ ಬಿಡ್ರಾ ಅಕ್ಕೋರೆ, ಓದೂದು ನಮ್ಗೆ ಹೇಳಿದ್ದಲ್ಲ” ಎಂದಳು. ಗಣಪಿ ಅವಳ ಹಿಂದೆ ಬುಟ್ಟಿ ಹಿಡಿದು ನಿಂತಿದ್ದಳು. ಮಾದೇವಿ ಮತ್ತೆ ಸೊಂಟಕ್ಕೆ ಬಂದಿದ್ದಳು. ಇನ್ನೊಂದು ವರ್ಷ ಕಳಿಸು, ನಾನೇ ನೋಡಿಕೊಳ್ಳುತ್ತೇನೆ ಎಂದು ಹೇಳಬೇಕೆಂದು ಬಾಯಿ ತೆರೆದೆ, ಹೇಳಿಯೂ ಹೇಳಿದೆ. ಆದರೆ ಮಳೆಗಾಲ ಶುರುವಾಗುವಾಗ ನನ್ನ ಕೈಗೆ ವರ್ಗದ ಆದೇಶ ಬಂದಿತ್ತು. ಕತಗಾಲಕ್ಕೆ, ಹೊಳೆ ಬಿಟ್ಟು ಒಳಗಿನ ಊರಿಗೆ.

ಕತಗಾಲದಲ್ಲಿ ಅದೇ ರೋಗದ ಇನ್ನೊಂದು ಮಗ್ಗುಲು ನೋಡಿದೆ. ತೋಟದವರ ಮನೆಯ ಒಬ್ಬ ಹುಡುಗ ಎರಡನೆಯ ಇಯತ್ತೆಯಲ್ಲೇ ನಾಲ್ಕನೆಯದರ ಪುಸ್ತಕ ನೀರು ಕುಡಿದಂತೆ ಓದುತ್ತಿದ್ದ. ಅವನಿಂದಲೂ ದಿನವಿಡೀ ಕಾಗುಣಿತ ಕೂಗಿಸುತ್ತಿದ್ದರು. ಕೂಗಿ ಕೂಗಿ ಬೇಸತ್ತು ಮುಂದಿನವಳ ಜಡೆ ಎಳೆಯುವನು, ಹೊಡೆತ ತಿನ್ನುವನು. ಯಾಕೋ ಹೀಗೆ ಎಂದು ಕೇಳಿದರೆ, “ಯನಗೆ ಇದೆಲ್ಲ ಬತ್ತು ಅಕ್ಕೋರೆ. ಬರದಿದ್ದದ್ದು ಒಂದೂ ಹೇಳಿಕೊಡ್ತ್ವಿಲ್ಲೆ” ಎಂದ. ಅವನಿಗೆ ಒಂದು ಮೂಲೆ, ದೊಡ್ಡ ಪುಸ್ತಕ, ಚಿಕ್ಕವರಿಗೆ ಓದಿ ಹೇಳುವ ಕೆಲಸ ಕೊಟ್ಟೆ. ಜಡೆ ಎಳೆಯುವುದು ನಿಂತಿತು. ಅಲ್ಲಿಯೂ ಶೇರಾ ಬಿತ್ತು. ಅಷ್ಟರಲ್ಲಿ ನನಗೆ ಶೇರಾ ಬಿದ್ದರೆ ಬಿಸಿಲು ಬಿದ್ದಷ್ಟೇ ಆಗಿತ್ತು.

ಈಗ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇಷ್ಟು. ನಿಮ್ಮ ಗೋಡೆಯ ಬಣ್ಣದ ಕಾಗದ ಚೆನ್ನಾಗಿದೆ, ಇರಲಿ. ಆದರೆ ಅದನ್ನು ಅಂಟಿಸಿದ ಗೋಡೆಯಲ್ಲೇ ವೇಳಾಪತ್ರಿಕೆಯೂ ಇದೆ. ಮಗುವಿಗಾಗಿ ಅದನ್ನು ಕೀಳುವ ಧೈರ್ಯ ನಿಮಗಿದೆಯೇ, ಮೇಲಿನವರೊಬ್ಬರು ಬಂದು ಕುಳಿತಾಗಲೂ ಇರುತ್ತದೆಯೇ, ಅದನ್ನು ನೋಡಿಕೊಳ್ಳಿ. ತಿರುಗಿ ಕೇಳುವ ಮಗುವಿನ ಕತೆಗೆ ಚಪ್ಪಾಳೆ ತಟ್ಟುವುದು ಸುಲಭ. ನಾಳೆ ನಿಮ್ಮ ತರಗತಿಯಲ್ಲೇ ಒಂದು ಮಗು ತಿರುಗಿ ಕೇಳಿದಾಗ, ಪಾಠ ಮುಗಿಯದೆ ಉಳಿದಿರುವಾಗ, ನಿಮ್ಮ ಮುಖ ಹೇಗಿರುತ್ತದೆ ಎಂದು ಒಮ್ಮೆ ಕನ್ನಡಿಯಲ್ಲಿ ನೋಡಿ.

ಅರವತ್ತರ ದಶಕದ ಕೊನೆಗೆ ಒಂದು ದಿನ ಕುಮಟೆಯ ಮೀನು ಪೇಟೆಯಲ್ಲಿ ಯಾರೋ “ಅಕ್ಕೋರೆ” ಎಂದು ಕೂಗಿದರು. ಬಳಚಿನ ರಾಶಿಯ ಹಿಂದೆ ಗಣಪಿ ಕುಳಿತಿದ್ದಳು. ದೊಡ್ಡವಳಾಗಿದ್ದಳು, ಕೈಯ ಚರ್ಮ ಒಡೆದಿತ್ತು. ಎದ್ದು ನಿಂತು, ಸೆರಗಿಗೆ ಕೈ ಒರೆಸಿಕೊಂಡು, ನಕ್ಕಳು. ಪಕ್ಕದಲ್ಲಿ ಹತ್ತು ವರ್ಷದ ಹುಡುಗಿ. ಅದೇ ಮಾದೇವಿ. ಹೆಗಲಲ್ಲಿ ಚೀಲ ಇತ್ತು.

“ಸಾಲೆಗೆ ಹೋಗ್ತಾಳಾ?” ಎಂದೆ.

“ಹೌದು ಅಕ್ಕೋರೆ. ನಾಲ್ಕನೆತ್ತ. ಆಯಿ ಹೊಳೆಗೆ ಕರ್ದ್ರೂ ನಾ ಬಿಡೂದಿಲ್ಲ.”

ನಾನು ಮಾದೇವಿಯ ಕಡೆ ಬಗ್ಗಿ, “ಎಂತ ಕಲಿಸ್ತಾರೆ ಮಗಾ ನಿಮ್ಮ ಸಾಲೇಲಿ? ಭೂಗೋಳ ಬಂತಾ? ನಮ್ಮ ಹೊಳೆ ಯಾವ ಕಡೆ ಹರೀತದೆ, ಹೇಳು ನೋಡ್ವಾ” ಎಂದೆ. ಯಾಕೆ ಅದನ್ನೇ ಕೇಳಿದೆನೋ, ಬಾಯಿಗೆ ಬಂತು.

ಹುಡುಗಿ ಕೈಕಟ್ಟಿ ನೆಟ್ಟಗೆ ನಿಂತಳು. ಅಕ್ಕನ ಮುಖ ಒಮ್ಮೆ ನೋಡಿ, ನೆಲಕ್ಕೆ ಕಣ್ಣಿಟ್ಟು, “ಪೂರ್ವದಿಂದ ಪಶ್ಚಿಮಕ್ಕೆ” ಎಂದು ಒಪ್ಪಿಸಿದಳು. ಭರತಿ ಎಂದರೇನು, ನೀನು ನೋಡಿದ್ದೀಯಲ್ಲ, ಆಗ ಹೊಳೆ ಏನು ಮಾಡುತ್ತದೆ ಎಂದೆಲ್ಲ ಕೇಳಿದೆ. ಬಾಯಿ ಬಿಡಲಿಲ್ಲ. ಗಣಪಿ ತಂಗಿಯ ತಲೆ ಸವರಿ, ನನ್ನನ್ನು ಸಮಾಧಾನ ಮಾಡುವವಳಂತೆ ಹೇಳಿದಳು:

“ಇವ್ಳು ಪಾಸಾಗ್ತಾಳೆ ಅಕ್ಕೋರೆ. ನೀವು ಹೆದ್ರಬ್ಯಾಡಿ. ನಾನು ಹೇಳಿಕೊಟ್ಟಿದ್ದೆ. ತಿರುಗಿ ಎಂತದೂ ಕೇಳೂದಿಲ್ಲ.”